ಸೀರೆಯಂಚಿನ ಕೆಳಗೆ

ನಮ್ಮ ಅತ್ತೆಯ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವರ ಕಾಲುಗಳನ್ನು. ಎಂಬತ್ತರ ದಶಕದ ಆರಂಭದಲ್ಲಿ, ತೆಲಸಂಗದಿಂದ ಭೋಜಕ್ಕೆ ಸೊಸೆಯಾಗಿ ಬಂದ ದಿನ, ಹೊಸ್ತಿಲ ಮುಂದೆ ತಲೆ ತಗ್ಗಿಸಿ ನಿಂತಿದ್ದೆ. ತಲೆ ತಗ್ಗಿಸಿದ ಮದುಮಗಳಿಗೆ ಕಾಲಲ್ಲದೆ ಇನ್ನೇನು ಕಂಡೀತು? ಆರತಿ ಹಿಡಿದಿದ್ದ ಅತ್ತೆ ಕಚ್ಚೆ ಹಾಕಿ ಸೀರೆ ಉಟ್ಟಿದ್ದರು. ಮೊಣಕಾಲ ಕೆಳಗೆಲ್ಲ ಬರಿದು. ಅಲ್ಲಿ ನೀಲಿ ನರಗಳು ಹಗ್ಗದ ಹಾಗೆ ಉಬ್ಬಿ, ಗಂಟು ಗಂಟಾಗಿ ಸುತ್ತಿಕೊಂಡು ಪಾದದವರೆಗೆ ಇಳಿದಿದ್ದವು. ಹರಡಿನ ಗಿಣ್ಣಿನ ಸುತ್ತ ಚರ್ಮ ಸುಟ್ಟ ರೊಟ್ಟಿಯಂತೆ ಕಪ್ಪಾಗಿತ್ತು. ಸೇರಕ್ಕಿ ಒದ್ದು ಒಳಗೆ ಬರಬೇಕಾದ ನಾನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದೆ.

"ಹೊಸಾ ಕುದುರಿ, ಬೆದರೈತಿ" ಎಂದು ಯಾರೋ ಅಂದರು, ನೆರೆದ ಹೆಂಗಸರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ನನ್ನ ಕಣ್ಣು ಎಲ್ಲಿ ನಿಂತಿತ್ತು ಎಂದು ಅವರಿಗೆ ಗೊತ್ತಾಗಿತ್ತು.

ತಿಂಗಳು ತುಂಬುವುದರೊಳಗೆ ಮನೆಯ ಜೋಡೆತ್ತಿನಲ್ಲಿ ಒಂದು ಹೊಟ್ಟೆ ಉಬ್ಬಿ ಸತ್ತಿತು. ಅದು ಮುದಿ ಎತ್ತು, ನಾನು ಬರುವ ಮೊದಲೇ ಮೇವು ಬಿಟ್ಟಿತ್ತು. ಆದರೂ ಅತ್ತೆ ದನದ ಕೊಟ್ಟಿಗೆಯಲ್ಲಿ ನಿಂತು, ಯಾರಿಗೂ ಅಲ್ಲವೆಂಬಂತೆ, "ಹೊಸಾ ಕಾಲ ಮನಿಗೆ ಬಂದೈತಿ, ಇನ್ನ ಏನೇನ ನೋಡಬೇಕೋ" ಅಂದರು. ಒಂದೇ ಸಲ ಅಂದರು, ಮುಂದೆಂದೂ ಆ ಮಾತು ಎತ್ತಲಿಲ್ಲ. ಆದರೆ ಕಾಲ್ಗುಣ ಎಂಬುದು ಎಂಥ ಮಾತೆಂದರೆ, ಒಮ್ಮೆ ಕಿವಿಗೆ ಬಿದ್ದರೆ ಸಾಕು, ಮುಂದೆ ಮನೆಯಲ್ಲಿ ಗಡಿಗೆ ಒಡೆದರೂ ಸೊಸೆಗೆ ತನ್ನ ಪಾದವೇ ನೆನಪಾಗುತ್ತದೆ.

ಅತ್ತೆಗೆ ತಮ್ಮ ನರಗಳು ಒಂದು ರೋಗ ಎಂದು ಅನ್ನಿಸಿರಲೇ ಇಲ್ಲ. "ಇದು ದುಡದ ಕಾಲು. ದಿನಾಲೂ ನಿಂತು ಕಬ್ಬಿಗೆ ನೀರ ಹಾಯ್ಸಿ ನೋಡು, ನಿನಗೂ ಬರತಾವ" ಎಂದು ಕೆಲಸಕ್ಕೆ ಬರುವ ಹುಡುಗಿಯರಿಗೆ ಹೇಳುತ್ತಿದ್ದರು. ಸಂಜೆ ಕಾಲು ಭಾರವಾಗಿ ತುರಿಕೆ ಎದ್ದಾಗ ಮಾತ್ರ ತಮ್ಮದೇ ಔಷಧ. ನಿಪ್ಪಾಣಿಯ ಆಸುಪಾಸು ಯಾವ ನೋವಿಗೂ ಮೊದಲು ನೆನಪಾಗುವುದು ತಂಬಾಕು. ಅಗಲವಾದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ನರದ ಮೇಲಿಟ್ಟು ಕಟ್ಟುತ್ತಿದ್ದರು. ಒಮ್ಮೆ ಕೆರೆದು ಗಾಯವಾದ ಜಾಗಕ್ಕೇ ಹಾಗೆ ಕಟ್ಟಿಕೊಂಡು, ತಲೆ ತಿರುಗಿ, ವಾಂತಿ ಮಾಡಿ, ಮೈಯೆಲ್ಲ ಬೆವತು ಮಲಗಿಬಿಟ್ಟರು. ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದೆವು. ಎಲೆಯ ವಿಷ ಗಾಯದೊಳಗಿಂದ ಮೈಗೆ ಇಳಿದಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ನಾನು ಓದಿದವಳು, ಊರ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ 'ಬಾಯಾರು'. ನನಗೂ ಹೊಳೆಯಲಿಲ್ಲ.

ಎರಡನೆಯ ಮಗು ಹುಟ್ಟಿದ ಮೇಲೆ, ಒಂದು ದಿನ ಬಚ್ಚಲಲ್ಲಿ ನನ್ನ ಎಡಗಾಲು ನೋಡಿಕೊಂಡೆ. ತೊಡೆಯ ಮೇಲೆ ಕೆಂಪು ನೀಲಿ ಎಳೆಗಳ ಜೇಡರ ಬಲೆ. ಮೊಣಕಾಲ ಹಿಂದೆ ಹುಣಸೆಬೀಜದಷ್ಟು ದೊಡ್ಡ ಮೆತ್ತನೆಯ ಗಂಟು. ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಮತ್ತೆ ಮೇಲೆ ಬರುತ್ತಿತ್ತು. ಹೊಸ್ತಿಲಲ್ಲಿ ನಾನು ಕಂಡು ಬೆದರಿದ ಕಾಲು ಈಗ ನನ್ನ ಮೈಯಲ್ಲೇ ಮೊಳೆಯುತ್ತಿದೆ ಅನ್ನಿಸಿತು. ಅತ್ತೆಯದು ದುಡಿದ ಕಾಲು, ಸರಿ. ನನ್ನದು? ಎತ್ತು ಕೊಂದ ಕಾಲು. ಇದನ್ನು ನೋಡಿದರೆ ಏನಂದಾರು ಎಂಬ ಭಯಕ್ಕೆ ಸೀರೆಯನ್ನು ನೆಲ ಗುಡಿಸುವಷ್ಟು ಇಳಿಸಿ ಉಡತೊಡಗಿದೆ. ಗಂಡನಿಗೆ ಗೊತ್ತಾಗಲಿಲ್ಲವೇ ಎಂದು ಕೇಳಬೇಡಿ. ನಮ್ಮ ಕಡೆಯ ಗಂಡಸರು ಚಿಕ್ಕೋಡಿ ಸಂತೆಯಲ್ಲಿ ಎತ್ತಿನ ಕಾಲನ್ನು ನಾಲ್ಕು ಸಲ ಎತ್ತಿ ನೋಡುತ್ತಾರೆ, ಹೆಂಡತಿಯ ಕಾಲನ್ನು ಒಂದು ಸಲವೂ ನೋಡುವುದಿಲ್ಲ.

ಶಿಕ್ಷಕರ ತರಬೇತಿಗೆಂದು ಚಿಕ್ಕೋಡಿಗೆ ಹೋದಾಗ, ಊಟದ ಬಿಡುವಿನಲ್ಲಿ ಯಾರಿಗೂ ಹೇಳದೆ ಒಬ್ಬ ಡಾಕ್ಟರಬಾಯಿಯ ದವಾಖಾನೆಗೆ ನುಗ್ಗಿದೆ. ಅವರು ನನ್ನನ್ನು ನಿಲ್ಲಿಸಿ, ಮಲಗಿಸಿ, ಕಾಲು ಎತ್ತಿ ನೋಡಿದರು.

"ತೊಡಿ ಮ್ಯಾಲಿನ ಬಲಿ ಏನೂ ಮಾಡೂದಿಲ್ಲ. ನೋಡಾಕ ಚಂದ ಕಾಣೂದಿಲ್ಲ, ಅಷ್ಟ. ಈ ಗಂಟ ಮಾತ್ರ ಬೆಳೀಬಹುದು. ನರದಾಗ ಸಣ್ಣ ಸಣ್ಣ ಕದ ಇರತಾವ, ರಕ್ತ ಕೆಳಗ ಜಾರದಂಗ ತಡೀತಾವ. ಅವು ಸಡಲ ಆಗ್ಯಾವ" ಅಂದರು. ಬೆಳಿಗ್ಗೆ ಏಳುವ ಮುಂಚೆ ಕ್ರೇಪ್ ಬ್ಯಾಂಡೇಜು ಸುತ್ತಬೇಕು, ಬಿಡುವಾದಾಗ ಕಾಲನ್ನು ಎದೆಗಿಂತ ಮೇಲಿಟ್ಟು ಮಲಗಬೇಕು, ನಡೆದಾಡಬೇಕು, ಒಂದೇ ಕಡೆ ನಿಲ್ಲಬಾರದು. ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಸುವ ನನಗೆ ನಿಲ್ಲಬೇಡ ಅಂದರೆ ಹೇಗೆ ಎಂದು ಕೇಳಿದ್ದಕ್ಕೆ, ಹಾಗಾದರೆ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಾ ಇರು ಅಂದರು.

ಹೊರಡುವಾಗ ಹೇಳಿದ ಮಾತು ನನ್ನ ನಿದ್ದೆ ಕೆಡಿಸಿತು. "ಮುಂದ ಯಾವಾಗರ ಗಂಟ ಒಡದು ರಕ್ತ ಹಾರಿದ್ರ ಅಂಜಬ್ಯಾಡ. ನೋವ ಇರೂದಿಲ್ಲ, ಆದ್ರ ಭಾಳ ಹೋಗತೈತಿ. ಎಲ್ಲಿ ಇರತೀಯೋ ಅಲ್ಲೇ ಮಲಗು. ಕಾಲ ಮ್ಯಾಲೆತ್ತು. ಸೋರೂ ಜಾಗಾದ ಮ್ಯಾಲ ಬಟ್ಟಿ ಇಟ್ಟು ಒತ್ತಿ ಹಿಡಿ. ಮ್ಯಾಲ ಎಲ್ಲಿಯೂ ಬಿಗಿಯಾಗಿ ಕಟ್ಟಬ್ಯಾಡ. ಕಟ್ಟಿದ್ರ ರಕ್ತಕ್ಕ ಮ್ಯಾಲ ಹೋಗಾಕ ದಾರಿ ಇಲ್ದಂಗಾಗಿ ಇನ್ನೂ ಜೋರ ಬರತೈತಿ."

ಅಂಜಬೇಡ ಅಂದರೆ ಅಂಜದಿರುವ ಜಾತಿ ನನ್ನದಲ್ಲ. ಅಂದಿನಿಂದ ಸ್ನಾನಕ್ಕೆ ಹೋದರೆ ಕಣ್ಣು ನೀರಿನ ಬಣ್ಣದ ಮೇಲೆಯೇ. ಬ್ಯಾಂಡೇಜನ್ನು ಶಾಲೆಯಲ್ಲಿ ಸುತ್ತಿ, ಮನೆಗೆ ಬರುವ ಮೊದಲು ಬಿಚ್ಚಿ ಚೀಲದೊಳಗೆ ತುರುಕುತ್ತಿದ್ದೆ. ಮಂಚದ ಕಾಲ ಕಡೆಗೆ ಎರಡು ಇಟ್ಟಿಗೆ ಇಟ್ಟು, ಇರುವೆ ಹತ್ತುತ್ತವೆ ಎಂದು ಸುಳ್ಳು ಹೇಳಿದೆ. ಇರುವೆಗಳು ತಲೆ ಕಡೆಯಿಂದ ಹತ್ತುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ.

ಅತ್ತೆಗೆ ಹೇಳಬಹುದಿತ್ತು. ನನ್ನ ಗಂಟು ಹುಣಸೆಬೀಜದಷ್ಟಾದರೆ ಅವರದು ಮಾವಿನ ಕಾಯಿಯಷ್ಟು. ಒಡೆದರೆ ಮೊದಲು ಒಡೆಯುವುದು ಅವರದೇ. ಹೇಳಿದರೆ "ನಿನಗ ಯಾರ ಹೇಳಿದ್ರು, ಯಾಕ ಹೋಗಿದ್ದಿ" ಎಂದು ಕೇಳುತ್ತಾರೆ. ಅಷ್ಟಕ್ಕೇ ಹೆದರಿ ಬಾಯಿ ಮುಚ್ಚಿಕೊಂಡೆ.

ಅದೊಂದು ಭಾನುವಾರ. ಶಾಲೆಗೆ ರಜೆಯಿದ್ದ ದಿನ ಹೊಲಕ್ಕೆ ಬುತ್ತಿ ಒಯ್ಯುವುದು ನನ್ನ ಪಾಲಿನ ಕೆಲಸ. ಗಂಡ ನಿಪ್ಪಾಣಿಗೆ ಹೋಗಿದ್ದರು. ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು ಊರಂಚಿನ ಮಾರುತಿ ಗುಡಿಯ ಹತ್ತಿರ ಬರುವಾಗ, ನಮ್ಮದೇ ಎತ್ತಿನ ಚಕ್ಕಡಿ ಎದುರಿಗೆ ಓಡೋಡಿ ಬಂದು ಗುಡಿಯ ಮುಂದೆ ನಿಂತಿತು. ಮೂರ್ನಾಲ್ಕು ಜನ ಸೇರಿ ಅತ್ತೆಯನ್ನು ಇಳಿಸಿ ಕಟ್ಟೆಯ ಮೇಲೆ ಕೂರಿಸಿದರು. ನಮ್ಮ ಹೊಲದಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದ ಹಿರಿಯಾಳು, "ಹಾವ ಕಡದೈತಿ! ದೊಡ್ಡವ್ವಗ ಹಾವ ಕಡದೈತಿ!" ಎಂದು ಕೂಗುತ್ತಿದ್ದ.

ಅವನ ತಪ್ಪಲ್ಲ. ಆ ವಾರವೇ ಅದೇ ಕಬ್ಬಿನ ಸಾಲಿನಲ್ಲಿ ಒಂದು ನಾಗರಹಾವು ಕಂಡಿತ್ತು. ಅತ್ತೆ ಕಾಲುವೆಯಲ್ಲಿ ನಿಂತು ನೀರು ತಿರುಗಿಸುವಾಗ ನೀರು ಕೆಂಪಾಗಿತ್ತು, ಅವರಿಗೆ ನೋವೇ ಗೊತ್ತಾಗಿರಲಿಲ್ಲ. ಮೇಲೆ ಎಳೆದು ನೋಡಿದರೆ ಹರಡಿನ ಮೇಲೆ ಚುಕ್ಕೆಯಂಥ ಗಾಯ. ಕಬ್ಬಿನ ನಾಡಿನವರಿಗೆ ಇನ್ನೇನು ಹೊಳೆಯಬೇಕು? ಹಾವಿನ ಶಾಸ್ತ್ರವೆಲ್ಲ ಅವರಿಗೆ ಬಾಯಿಪಾಠ. ತಲೆಯ ರುಮಾಲು ಬಿಚ್ಚಿ ಮೊಣಕಾಲ ಕೆಳಗೆ ಜಗ್ಗಿ ಕಟ್ಟಿದ್ದರು. ಕಚ್ಚಿಸಿಕೊಂಡವರನ್ನು ಮನೆಗೆ ಒಯ್ಯಬಾರದು, ಮಾರುತಿಯ ಮುಂದೆ ತರಬೇಕು. ಮಲಗಿಸಬಾರದು, ಮಲಗಿದರೆ ವಿಷ ತಲೆಗೇರುತ್ತದೆ. ಬೇವಿನ ಎಲೆ ಅಗಿಸಬೇಕು, ಕಹಿ ಹತ್ತದಿದ್ದರೆ ವಿಷ ಏರಿತೆಂದು ಅರ್ಥ. ಆ ಶಾಸ್ತ್ರದ ಪ್ರಕಾರ ಎಲ್ಲವನ್ನೂ ಅವರು ಸರಿಯಾಗಿಯೇ ಮಾಡಿದ್ದರು, ಹಾವು ಕಚ್ಚಿದ್ದರೆ.

ಅತ್ತೆ ಕಾಲು ಇಳಿಬಿಟ್ಟು ಕೂತಿದ್ದರು. ಕಟ್ಟಿನ ಕೆಳಗೆ ನರಗಳೆಲ್ಲ ಸಿಡಿಯುವಂತೆ ಬಿಗಿದಿದ್ದವು. ಹರಡಿನಿಂದ ಸೂಜಿಯಷ್ಟು ಸಣ್ಣ ಧಾರೆ ಚಿಮ್ಮಿ ಕಟ್ಟೆಯ ಕಲ್ಲಿಗೆ ಬಡಿಯುತ್ತಿತ್ತು. ಕೆಳಗಿನ ಮಣ್ಣು ಆಗಲೇ ಕೆಸರಾಗಿತ್ತು. "ಕಹಿ ಐತಿ, ಕಹಿ ಐತ್ಯೋ, ಸಾಕ ಮಾಡೋ" ಎಂದು ಅವರು ಗೊಣಗುತ್ತಿದ್ದರೂ ಹಿರಿಯಾಳು ಇನ್ನಷ್ಟು ಎಲೆ ಬಾಯಿಗೆ ತುರುಕುತ್ತಿದ್ದ. ಯಾರೋ ಕೆನ್ನೆ ತಟ್ಟಿ ತಟ್ಟಿ ಎಚ್ಚರ ಮಾಡುತ್ತಿದ್ದರು.

ನನಗೆ ನೋಡಿದ ಕ್ಷಣವೇ ಗೊತ್ತಾಯಿತು. ಡಾಕ್ಟರಬಾಯಿಯ ಒಂದೊಂದು ಮಾತೂ ಕಿವಿಯಲ್ಲಿತ್ತು. ಮಲಗಿಸು. ಎತ್ತು. ಒತ್ತು. ಕಟ್ಟಬೇಡ. ಅಲ್ಲಿ ಸೇರಿದ್ದ ಅಷ್ಟು ಜನರಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಆದರೂ ನಾನು ನಿಂತೆ. ಹೇಗೆ ಗೊತ್ತು ಎಂದು ಕೇಳುತ್ತಾರೆ ಎಂಬ ಹೆದರಿಕೆ. ಊರೆಲ್ಲ ಸೇರಿದೆ, ಎಲ್ಲರೂ ನನ್ನ ಕಾಲು ನೋಡುತ್ತಾರೆ ಎಂಬ ಹೆದರಿಕೆ. ಒಂದು ವೇಳೆ ಅದು ಹಾವೇ ಆಗಿದ್ದು, ನಾನು ಕಟ್ಟು ಬಿಚ್ಚಿ, ಅತ್ತೆ ಸತ್ತರೆ? ಎತ್ತು ಕೊಂದವಳು ಅತ್ತೆಯನ್ನೂ ಕೊಂದಳು ಅನ್ನುತ್ತಾರೆ. ಒಂದು ನಿಮಿಷವೋ, ಐದು ನಿಮಿಷವೋ, ಲೆಕ್ಕ ನನ್ನಲ್ಲಿಲ್ಲ. ಧಾರೆ ಹರಿಯುತ್ತಲೇ ಇತ್ತು.

ಅತ್ತೆಯ ಬಾಯಿಂದ ಬೇವಿನ ಎಲೆ ಜಾರಿ ಮಡಿಲಿಗೆ ಬಿತ್ತು. "ಕಣ್ಣಿಗಿ ಕತ್ತಲಿ ಬರಾಕತ್ತೈತಿ" ಅಂದರು. "ವಿಷ ಏರಿತು!" ಎಂದು ಹಿರಿಯಾಳು ಚೀರಿದ, ರುಮಾಲನ್ನು ಇನ್ನೂ ಬಿಗಿಯಲು ಬಾಗಿದ. ಆಗ ನನ್ನ ಕಾಲು ಕಿತ್ತು ಬಂತು. ಅವನನ್ನು ತಳ್ಳಿ, ಅತ್ತೆಯ ಹೆಗಲು ಹಿಡಿದು ಕಟ್ಟೆಯ ಮೇಲೆ ಅಂಗಾತ ಮಲಗಿಸಿದೆ. ಕಾಲನ್ನೆತ್ತಿ ನನ್ನ ಹೆಗಲ ಮೇಲಿಟ್ಟುಕೊಂಡೆ. ರುಮಾಲಿನ ಗಂಟು ನೆನೆದು ಕಲ್ಲಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದೆ.

"ಬಿಚ್ಚಬ್ಯಾಡ್ರಿ ಬಾಯಾರ! ಎದಿಗೆ ಏರತೈತಿ! ಕೊಲ್ಲತೀರೇನ?" ಎಂದು ಹಿರಿಯಾಳು ನನ್ನ ಕೈ ಹಿಡಿದ.

"ಹಾವಲ್ಲೋ ಇದು! ನರ ಒಡದೈತಿ!"

"ನಿಮಗ ಹ್ಯಾಂಗ ಗೊತ್ತ?"

ಬಂತು, ನಾನು ಹೆದರಿದ್ದ ಅದೇ ಪ್ರಶ್ನೆ. ಬಲಗೈ ಹೆಬ್ಬೆರಳು ಅತ್ತೆಯ ಗಾಯದ ಮೇಲಿತ್ತು. ಎಡಗೈಯಿಂದ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಗುಂಪಿನ ಕಡೆಗೆ ಬೆನ್ನು ತಿರುಗಿಸಿದೆ. "ನೋಡ್ರಿ. ನನಗೂ ಐತಿ. ಎಲ್ಲಾರೂ ನೋಡ್ರಿ." ಹಿರಿಯಾಳು ಕಣ್ಣು ತಗ್ಗಿಸಿ ಎರಡು ಹೆಜ್ಜೆ ಹಿಂದೆ ಹೋದ.

ಆಮೇಲಿನ ಹೊತ್ತು ಅದಕ್ಕಿಂತ ಭಯಂಕರ. ಸೆರಗು ಮಡಚಿ ಒತ್ತಿ ಹಿಡಿದಿದ್ದೆ, ಎತ್ತಿ ನೋಡುವ ಧೈರ್ಯವಿಲ್ಲ. ಅತ್ತೆ ಕಣ್ಣು ಮುಚ್ಚಿದ್ದರು. ವಿಷ ಏರಿದೆಯೋ, ಬರೀ ಸುಸ್ತೋ? ನಾನು ಹೇಳಿದ್ದೇ ಸುಳ್ಳಾದರೆ? ಅವರ ತುಟಿ ನೋಡುತ್ತ, ನೊರೆ ಬರದಿರಲಿ ದೇವರೇ ಎಂದು ನಾನೆಂದೂ ಕೈಮುಗಿಯದ ಮಾರುತಿಗೆ ಬೇಡಿಕೊಂಡೆ. ತೋಳು ಜೋಮು ಹಿಡಿಯಿತು. ಕೊನೆಗೆ ಅತ್ತೆಯೇ ಕಣ್ಣು ತೆರೆದು, "ನೀರ ಕೊಡ್ರಿ. ಬಾಯಿ ಕಹಿ ಹಿಡದೈತಿ" ಅಂದರು. ಬಟ್ಟೆ ಸರಿಸಿ ನೋಡಿದೆ. ಧಾರೆ ನಿಂತಿತ್ತು. ಅಷ್ಟೆಲ್ಲ ರಕ್ತ ಬಂದ ತೂತು ಜೋಳದ ಕಾಳಿನಷ್ಟೂ ಇರಲಿಲ್ಲ.

ಊರಿನ ಜೀಪೊಂದರ ಹಿಂದಿನ ಸೀಟಿನಲ್ಲಿ ಮಲಗಿಸಿಯೇ ನಿಪ್ಪಾಣಿಗೆ ಒಯ್ದೆವು. ಅಲ್ಲಿಯ ಡಾಕ್ಟರು ಪಟ್ಟಿ ಕಟ್ಟಿ, ಇದು ಮತ್ತೆ ಒಡೆಯುತ್ತದೆ, ಮಿರಜಕ್ಕೆ ಹೋಗಿ ಅಂದರು. ಮನೆಯಲ್ಲಿ ನನ್ನ ಕಾಲಿನ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಬದಲಿಗೆ ಊರ ಹೆಂಗಸರು ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿಗೆ ಬರತೊಡಗಿದರು. ಅತ್ತ ಇತ್ತ ನೋಡಿ, ಸೀರೆ ಎತ್ತಿ, "ಬಾಯಾರ, ಇದೂ ಅದ ಏನ್ರಿ?" ಎನ್ನುತ್ತಿದ್ದರು. ಎಷ್ಟು ಕಾಲುಗಳು! ಒಂದೇ ಊರಿನಲ್ಲಿ ನಾವೆಲ್ಲ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಓಡಾಡಿದ್ದೆವು.

ಮಿರಜದ ದೊಡ್ಡ ದವಾಖಾನೆಯಲ್ಲಿ ಅತ್ತೆ ಸೊಸೆ ಇಬ್ಬರ ಕಾಲನ್ನೂ ನೋಡಿದರು. ಸರ್ಜನ್ ಮರಾಠಿಯವರು, ಅತ್ತೆಗೆ ಮರಾಠಿ ನೀರು ಕುಡಿದ ಹಾಗೆ. ಮೂರು ದಾರಿ ಇವೆ ಎಂದರು. ಒಂದು, ಜೀವನಪೂರ್ತಿ ಬಿಗಿ ಕಾಲುಚೀಲ ಹಾಕುವುದು. ಅದು ರೋಗ ಕಳೆಯುವುದಿಲ್ಲ, ತಡೆಯುತ್ತದೆ. ಎರಡು, ಸಣ್ಣ ನರಗಳಿಗೆ ಸೂಜಿಯಿಂದ ಔಷಧ ಬಿಟ್ಟು ಒಳಗಿನಿಂದಲೇ ಮುಚ್ಚಿಸುವುದು. ನನ್ನ ಜೇಡರ ಬಲೆಗೆ ಬೇಕಾದರೆ ಅದು ಆಗುತ್ತದೆ, ಆದರೆ ಮತ್ತೆ ಬರಬಹುದು, ಬಿಟ್ಟರೂ ಅಪಾಯವಿಲ್ಲ. ಮೂರು, ಆಪರೇಷನ್. ತೊಡೆಸಂದಿಯಲ್ಲಿ ಕೊಯ್ದು, ಕೆಟ್ಟ ನರವನ್ನು ಕಟ್ಟಿ, ಒಳಗೆ ತಂತಿ ಸೇರಿಸಿ ಎಳೆದು ತೆಗೆಯುವುದು. ನನಗೆ ಕಾಲುಚೀಲ ಸಾಕು, ಅತ್ತೆಗೆ ಆಪರೇಷನ್ನೇ ಒಳ್ಳೆಯದು.

ಹೊಲದಲ್ಲಿ ಹಾವಿಗೆ ಹೆದರದ ಅತ್ತೆ ಕುರ್ಚಿಯಲ್ಲಿ ನಡುಗತೊಡಗಿದರು. ನರ ಎಳೆದು ತೆಗೆದರೆ ಕಾಲಿಗೆ ರಕ್ತ ಎಲ್ಲಿಂದ ಬರಬೇಕು, ಕಾಲು ಒಣಗಿ ಹೋಗುವುದಿಲ್ಲವೇ ಎಂದು ಕೇಳಿದರು. "ಘಾಬರೂ ನಕಾ, ಆಜಿ" ಎಂದು ಸಮಾಧಾನ ಮಾಡಿದ ಸರ್ಜನ್, ಅವರು ನೀರು ಹಾಯಿಸುವವರೆಂದು ತಿಳಿದು, ಕಾಲುವೆಯ ಮಾತು ತೆಗೆದರು. ಒಡ್ಡು ಒಡೆದು ಸೋರುವ ಕಾಲುವೆಯನ್ನು ಮುಚ್ಚಿದರೆ ಹೊಲ ಒಣಗುತ್ತದೆಯೇ? ಒಳಗೆ ಆಳದಲ್ಲಿ ಬೇರೆ ದೊಡ್ಡ ಕಾಲುವೆ ಇದೆ, ರಕ್ತ ಅಲ್ಲಿಂದ ಹೋಗುತ್ತದೆ ಅಂದರು. ಅತ್ತೆ ನನ್ನ ಕಡೆ ಬೆರಳು ಮಾಡಿ, "ಸೊಸಿ ಜೋಡಿ ಇದ್ರ ಮಾಡ್ಸಕೋತೀನಿ" ಅಂದರು.

ಆಪರೇಷನ್ ದಿನ ಬೆಳಿಗ್ಗೆ ನರ್ಸು ಅವರ ಕಚ್ಚೆ ಸೀರೆ ಬಿಡಿಸಿ ದವಾಖಾನೆಯ ಅಂಗಿ ತೊಡಿಸಿದಳು. ಇಷ್ಟು ವರ್ಷ ಬರಿಗಾಲು ತೋರಿಸಿಯೇ ತಿರುಗಿದ ಹೆಂಗಸು, ಆ ಅಂಗಿಯಲ್ಲಿ ನಾಚಿ, ಹಾಸಿಗೆಯ ಚಾದರ ಎಳೆದು ಕಾಲು ಮುಚ್ಚಿಕೊಂಡರು. ನಾನು ಪಕ್ಕದಲ್ಲಿ ನಿಂತಿದ್ದೆ.

"ಆವತ್ತ ಗುಡಿ ಮುಂದ ನೀ ಯಾವಾಗ ಬಂದಿ?" ಎಂದು ಕೇಳಿದರು.

ಚಾದರದ ಅಂಚು ಸರಿಮಾಡುತ್ತ ಅಂದೆ, "ನೋಡಿದ ಕೂಡಲೇ ಓಡಿ ಬಂದ್ನಿರಿ."

"ಇಲ್ಲ. ಬುತ್ತಿ ಬುಟ್ಟಿ ಇಳಿಸಿದಿ. ಬೇವಿನ ಗಿಡದ ಬುಡಕ್ಕ ಇಟ್ಟಿ. ಸೀರಿ ಅಂಚ ಹಿಡದ ಜಗ್ಗಿ ಕಾಲ ಮುಚಕೊಂಡಿ. ಆಮ್ಯಾಲ ನಿಂತಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಬಾಯಾಗ ಎಲಿ ತುರಕಿದ್ರು, ಕಣ್ಣ ತೆರದ ಇದ್ದೂ."

ನಾನು ಸೀರೆಯಂಚು ಎಳೆದುಕೊಂಡದ್ದು ನನಗೇ ನೆನಪಿರಲಿಲ್ಲ. ಅವರು ಹೇಳಿದ ಮೇಲೆ ಬೆರಳಿಗೆ ಆ ಬಟ್ಟೆಯ ಸ್ಪರ್ಶವೇ ಬಂದಂತಾಯಿತು. ಕಾಲು ಹಿಡಿದು ಅಳಬೇಕೆನ್ನಿಸಿತು.

"ಯಾಕ ನಿಂತಿ ಅಂತ ಕೇಳೂದಿಲ್ಲ" ಅಂದರು ಅತ್ತೆ. "ಎತ್ತ ಸತ್ತಾಗ ಆ ಮಾತ ಆಡಿದಾಕಿ ನಾನ."

ಅಷ್ಟರಲ್ಲಿ ಗಾಲಿ ಮಂಚ ಬಂತು. ಅವರನ್ನು ತಳ್ಳಿಕೊಂಡು ಹೋದರು, ಕದ ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಗಂಡ ಕೂತಿದ್ದರು. ನನಗೆ ಕೂರಲಾಗಲಿಲ್ಲ. ಅತ್ತೆ ಒಳಗೇ ತೀರಿಹೋದರೆ ನಾನು ಹೇಳಿದ ಕೊನೆಯ ಮಾತು ಒಂದು ಸುಳ್ಳಾಗಿ ಉಳಿಯುತ್ತದಲ್ಲ ಎಂಬ ಭಯಕ್ಕೆ ಕದದ ಬಳಿಯೇ ನಿಂತೆ. ಕದ ಕಿರ್ರೆಂದಾಗಲೆಲ್ಲ ಜೀವ ಹಾರುತ್ತಿತ್ತು.

ಮಧ್ಯಾಹ್ನ ಹೊರಗೆ ತಂದರು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಎಚ್ಚರವಾಗಿಯೇ ಇದ್ದರು. ವಾರ್ಡಿನಲ್ಲಿ ಮಲಗಿಸಿ ಎಲ್ಲರೂ ಹೋದ ಮೇಲೆ, ನನ್ನ ಕೈಯನ್ನು ಉಡದ ಹಿಡಿತದಲ್ಲಿ ಹಿಡಿದರು. ಕಣ್ಣಲ್ಲಿ ಗಾಬರಿ. "ನನ್ನ ಕಾಲ ಐತೇನ? ಖರೇ ಹೇಳ. ಕೊಯ್ದ ಬಿಟ್ರೇನ? ಏನೂ ಗೊತ್ತಾಗವಲ್ಲತು."

"ಐತ್ರಿ" ಅಂದೆ. ನಂಬಲಿಲ್ಲ. ನಾನಾದರೂ ಆ ಬೆಳಿಗ್ಗೆಯೇ ಸುಳ್ಳು ಹೇಳಿದವಳು, ಯಾಕೆ ನಂಬಬೇಕು? ಚಾದರ ಸರಿಸಿ, ಪಟ್ಟಿ ಸುತ್ತಿದ ಕಾಲನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ, ಅವರ ಕಣ್ಣಿಗೆ ಕಾಣುವಂತೆ ಹಿಡಿದೆ. ಅದು ಜೀವವಿಲ್ಲದ ಕೊರಡಿನಂತೆ ಭಾರವಿತ್ತು. ಪಟ್ಟಿಯಿಂದ ಹೊರಗಿದ್ದ ಕಾಲ ಹೆಬ್ಬೆರಳ ಹಳೆಯ ಹಚ್ಚೆ ಗುರುತು ನೋಡಿ ಅವರು ಉಸಿರು ಬಿಟ್ಟರು. ನಾನು ಹಾಗೇ ಹಿಡಿದು ನಿಂತು, ಕೇಳದಿದ್ದರೂ ಹೇಳಿದೆ. "ಗುಡಿ ಮುಂದ ನಾ ನಿಂತಿದ್ನಿರಿ. ಗೊತ್ತಿದ್ದೂ ನಿಂತಿದ್ನಿ. ಎಷ್ಟೊತ್ತ ಅಂತ ನನಗ ಗೊತ್ತಿಲ್ಲ."

ಅತ್ತೆ ನನ್ನ ಸೀರೆಯ ಕಡೆಗೆ ಕೈ ತೋರಿಸಿ, "ಬೆಳಿಗ್ಗಿಂದ ನಿಂತ ಇದ್ದಿ. ನಿನ್ನ ಕಾಲೂ ಬಾತಿರಬೇಕು. ಕುಂಡ್ರು, ಮ್ಯಾಲ ಇಡು" ಅಂದರು. ಅತ್ತೆಯ ಮುಂದೆ ಸೊಸೆ ಕಾಲು ಮೇಲಿಡುವುದು ನಮ್ಮಲ್ಲಿಲ್ಲ. ಅವರು ಮಂಚದ ಅಂಚನ್ನು ಮತ್ತೊಮ್ಮೆ ತಟ್ಟಿದರು. ನಾನು ಸ್ಟೂಲ್ ಎಳೆದು ಕೂತು, ಸೀರೆಯಂಚು ಸರಿಸಿ, ಅವರ ಕಾಲಿನ ಪಕ್ಕಕ್ಕೆ ನನ್ನ ಎಡಗಾಲನ್ನು ಇಟ್ಟೆ.